ಒಂದು ಮೊರ ತೌಡಿಗೆ ಮಾರಿದ ಮಗಳು

ಖಾನೇಷುಮಾರಿ, ಅಂದರೆ ಜನರ ಎಣಿಕೆ, ಬಂದ ವರ್ಷ ನಾನು ಹರಿಯಬ್ಬೆ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಯಾರಿಗೂ ಬೇಡದ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನನಗೋ ಆಗ ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲಿ ಕೋಪ, ಕಂಕುಳಲ್ಲಿ ದುರ್ಗದಿಂದ ಬಂದ ಸರ್ಕಾರದ ಪುಸ್ತಕ. ಮಹಾರಾಜರೇ ನನ್ನೊಬ್ಬನನ್ನು ನಂಬಿ ಕೂತಿದ್ದಾರೆಂಬ ಗತ್ತಿನಲ್ಲಿ ಕೆಮ್ಮಣ್ಣು ಕಲಸಿ ಮನೆಮನೆ ಗೋಡೆಗೂ ನಂಬರು ಬರೆದೆ. ಶಿವರಾತ್ರಿ ಹತ್ತಿರ ಬಂತೆಂದು ಹೆಂಗಸರು ಸುಣ್ಣ ಬಳಿದು ಅರ್ಧ ನಂಬರು ಅಳಿಸಿದರು. ಹಲ್ಲು ಕಚ್ಚಿಕೊಂಡು ಮತ್ತೆ ಬರೆದೆ.

ಆಮೇಲೆ ಎಣಿಕೆಯ ದಿನಕ್ಕೆ ಮುಂಚೆ ಮನೆಮನೆಯವರ ಪಟ್ಟಿ ಮಾಡುವ ಕೆಲಸ ಸಲೀಸಾಗಿ ಸಾಗಿತ್ತು, ಕುರುಬರ ಕೇರಿಯ ಆ ಮನೆಗೆ ಬರುವವರೆಗೆ. ಬಾಗಿಲಲ್ಲಿ ಒಬ್ಬಾಕೆ ಎರಡು ವರ್ಷದ ಹೆಣ್ಣುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದೆ.

"ನಾನು, ನಮ್ಮನೆಯೋರು. ಇಬ್ರೇರಿ. ಅವ್ರು ಕುರಿ ಜತಿಗೆ ಊರಾಚೆ ಅವ್ರೆ."

"ಮತ್ತೆ ಈ ಮಗು?"

"ಎದುರುಮನೇರ್ದು."

ಮಗುವಿನ ಮೂಗು, ಗದ್ದ, ಹುಬ್ಬು ಎಲ್ಲ ಅವಳದೇ ಅಚ್ಚು. ನನಗೆ ರೇಗಿತು. ಸರ್ಕಾರಕ್ಕೆ ಸುಳ್ಳು ಹೇಳಬಾರದೆಂದು ಶಾಲೆಯ ಧಾಟಿಯಲ್ಲೇ ಪಾಠ ಶುರುಮಾಡಿದೆ. ಎದುರುಮನೆಯಲ್ಲಿ ರಾಗಿ ಬೀಸುತ್ತಿದ್ದ ಹಿರಿಯಾಕೆ ಎದ್ದು ಬಂದು ನನ್ನನ್ನು ತನ್ನ ಜಗಲಿಗೆ ಕರೆದಳು.

"ಕುಂತ್ಕಳ್ರಿ ಮೇಷ್ಟ್ರೆ, ಕೂಗಾಡಬ್ಯಾಡ್ರಿ. ಅವಳಿಗೆ ಮೂರು ಹುಟ್ಟಿ ಮೂರೂ ಹೋದ್ವು. ಇದು ನಾಲ್ಕನೇದು. ಹುಟ್ಟಿದ ದಿನಾನೆ ತಿಪ್ಪೆ ಮ್ಯಾಲೆ ಮಲಗಿಸಿದ್ಲು, ಒಂದು ಮೊರ ತೌಡು ಕೊಟ್ಟು ನಾನು ತಗಂಡೆ. ಈಗ ಅದು ನನ್ನ ಮಗಳು. ಅವಳ ಮನೇಲಿ ಐತೆ ಅಂತ ನೀವು ಬರೆದ್ರೆ, ಆ ಮೂರನ್ನ ತಗಂಡು ಹೋದೋನಿಗೆ ದಾರಿ ತೋರಿಸಿದಂಗೆ ಆಗ್ತೈತೆ."

ಈ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಹೊಳಲ್ಕೆರೆಯ ನಮ್ಮ ಮನೆಯಲ್ಲೇ ಒಬ್ಬ ಚಿಕ್ಕಪ್ಪ ಹಾಗೆ ಮಾರಿಸಿಕೊಂಡು ಉಳಿದವರು. ಆದರೆ ಎಣಿಕೆಯ ಮರುದಿನ ತಾಳೆ ನೋಡಲು ಹೋಬಳಿಯ ಅಧಿಕಾರಿ ಶೇಕದಾರರು ಬರುವವರಿದ್ದರು. ಒಂದು ತಲೆ ಹೆಚ್ಚುಕಮ್ಮಿಯಾದರೂ ನನ್ನನ್ನು ಬಿಡುವವರಲ್ಲ. ತಲೆಯೆತ್ತಿ ನೋಡಿದೆ. ಆಚೆ ಬಾಗಿಲಲ್ಲಿ ಆ ತಾಯಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಲೇಖನಿಯನ್ನೇ ನೋಡುತ್ತಿದ್ದಳು. ಲೇಖನಿಗೆ ಅಷ್ಟು ಹೆದರಿದವರನ್ನು ನಾನು ಕಂಡಿದ್ದಿಲ್ಲ, ನನ್ನ ಶಾಲೆಯ ಮಕ್ಕಳನ್ನು ಬಿಟ್ಟರೆ. ಕೂಗಾಡಿದ್ದಕ್ಕೆ ನಾಚಿಕೆಯಾಯಿತು.

ನಿಯಮಗಳ ಹಾಳೆ ಬಿಡಿಸಿದೆ. ಎಣಿಕೆಯ ದಿನ ಯಾರು ಎಲ್ಲಿ ಮಲಗುತ್ತಾರೋ ಅಲ್ಲೇ ಅವರನ್ನು ಬರೆಯಬೇಕು ಎಂದಿತ್ತು. ಹೆತ್ತವರು ಯಾರೆಂದು ಸರ್ಕಾರ ಕೇಳಿಯೇ ಇರಲಿಲ್ಲ. ಅದು ನನ್ನ ಅಧಿಕಪ್ರಸಂಗ.

"ಹಂಗಾದ್ರೆ ಅವತ್ತೊಂದಿನ ಮಗು ಈ ಮನೇಲೇ ಮಲಗ್ಲಿ" ಎಂದೆ.

"ಅವ್ವ ಇಲ್ದೆ ಅದು ಮಲಗಲ್ರಿ" ಎಂದಳು ಆಚೆ ಬಾಗಿಲಲ್ಲಿದ್ದವಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಎಣಿಕೆಯ ದಿನ ದೀಪ ಹಚ್ಚುವ ಹೊತ್ತಿಗೆ ಹೋದರೆ ತಾಯಿ, ಮಗು ಇಬ್ಬರೂ ಎದುರುಮನೆಯ ಕಂಬಳಿಯ ಮೇಲಿದ್ದರು. ಗಂಡನನ್ನು ಕುರಿಮಂದೆಯ ಹತ್ತಿರವೇ ಹೋಗಿ ಬರೆದುಕೊಂಡೆ. ಬೀಗ ಬಿದ್ದಿದ್ದ ಅವಳ ಮನೆಯ ನಂಬರಿನ ಮುಂದೆ ಯಾರೂ ಇಲ್ಲ ಎಂದು ಬರೆದೆ. ಮರುದಿನ ಶೇಕದಾರರು ಬಂದು, ಒಂದು ತಲೆಯೂ ತಪ್ಪಿಲ್ಲವೆಂದು ಎಲ್ಲರೆದುರು ಹೊಗಳಿದರು. ನಾನು ಆ ಹೊಗಳಿಕೆಯನ್ನು ಕಿಂಚಿತ್ತೂ ಸಂಕೋಚವಿಲ್ಲದೆ ತೆಗೆದುಕೊಂಡೆ.

ಹತ್ತು ವರ್ಷಕ್ಕೆ ಮತ್ತೆ ಖಾನೇಷುಮಾರಿ ಬಂತು. ಅಷ್ಟರಲ್ಲಿ ನಾನು ಹೊಸದುರ್ಗ, ಶ್ರೀರಾಂಪುರ ಎಲ್ಲ ಸುತ್ತಿ ಅದೇ ಹಳ್ಳಿಗೆ ವಾಪಸಾಗಿದ್ದೆ. ಕೋಪ ಕೊಂಚ ಇಳಿದಿತ್ತು, ಹೊಟ್ಟೆ ಕೊಂಚ ಬಂದಿತ್ತು. ಆ ಮನೆಯ ಮುಂದೆ ಏನೂ ಕೇಳದೆ ಇಬ್ಬರು ಎಂದು ಬರೆಯಹೊರಟೆ.

"ತಡೀರಿ ಮೇಷ್ಟ್ರೆ" ಎಂದು ಅವಳು ಅಂಗಳಕ್ಕಿಳಿದು ಬಂದಳು. ಪಕ್ಕದಲ್ಲಿ ಅವಳ ಭುಜದೆತ್ತರದ ಹುಡುಗಿ. "ಹೋದ ಉಗಾದೀಲಿ ಮೊರದ ತುಂಬ ತೌಡು ಕೊಟ್ಟು ಬಿಡಿಸ್ಕಂಡೀನಿ. ಇವಳು ನನ್ನ ಮಗಳು. ನಮ್ಮನೇಲಿ ಮೂರು ಜನ ಅಂತ ಬರ್ಕಳ್ರಿ."

ಇಡೀ ಕೇರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಎದುರು ಜಗಲಿಯಲ್ಲಿ ಕೂತಿದ್ದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಲೇ, ನನ್ನ ಮನೇಲಿ ಒಂದು ತಲೆ ಕಮ್ಮಿ ಮಾಡಿದ್ಯಲ್ಲೇ" ಎಂದಳು.

ತಲೆ ತಗ್ಗಿಸಿ ಮೂರು ಎಂದು ಬರೆದೆ. ಆ ಪುಸ್ತಕದಲ್ಲೆಲ್ಲ ನಾನು ಅಷ್ಟು ದುಂಡಗೆ ಬರೆದ ಅಂಕಿ ಇನ್ನೊಂದಿರಲಿಲ್ಲ.