ಮಾವ ತಂದ ಟೀವಿ ಆಟದ ಪೆಟ್ಟಿಗೆ

ಹಳೇ ವಿಡಿಯೋ ಗೇಮು ಎಷ್ಟು ವರ್ಷ ಬಾಳಿಕೆ ಬರುತ್ತದೆ ಅನ್ನುವುದು ಈಗ ಕೆಲವರಿಗೆ ದೊಡ್ಡ ವಿಚಾರ. ತುಮಕೂರಿನಲ್ಲಿ ನಮ್ಮ ಬೀದಿಯಲ್ಲೇ ಒಬ್ಬರು ಅಂಥವನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿದ್ದಾರೆ. ಪ್ಲಾಸ್ಟಿಕ್ಕು ಹಳದಿಗೆ ತಿರುಗದ ಹಾಗೆ ಏನು ಮಾಡಬೇಕು, ಬಟನ್ನಿನ ರಬ್ಬರು ಗಟ್ಟಿಯಾದರೆ ಏನು ಹಚ್ಚಬೇಕು, ಕಾಫಿ ಕುಡಿಯುವಾಗಲೂ ಅದೇ ಮಾತು. ಬಿಸಿಲಿಗೆ ಇಡಬಾರದಂತೆ, ಧೂಳು ಬೀಳಬಾರದಂತೆ, ಸುಮ್ಮಸುಮ್ಮನೆ ಮುಟ್ಟಬಾರದಂತೆ. ಕೇಳಿಸಿಕೊಂಡು ಲೋಟ ಕೆಳಗಿಟ್ಟು ಎದ್ದು ಬರುತ್ತೇನೆ. ಜೋಪಾನ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮವ್ವನಷ್ಟು ಜೋಪಾನವಾಗಿ ವಿಡಿಯೋ ಗೇಮು ಕಾಪಾಡಿದವರು ಈ ಜಿಲ್ಲೆಯಲ್ಲೇ ಇರಲಾರರು.

ಆಗ ನಾವು ಗುಬ್ಬಿಯಲ್ಲಿದ್ದೆವು. ಅಪ್ಪನಿಗೆ ಸರ್ಕಾರಿ ಕೆಲಸ. ಅವ್ವನ ತವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಅವ್ವನಿಗೆ ಒಬ್ಬನೇ ತಮ್ಮ, ಅಂದರೆ ನನ್ನ ಸೋದರಮಾವ, ಎಲೆಕ್ಟ್ರಿಷಿಯನ್ ಕೆಲಸ ಕಲಿತು ಮಸ್ಕತ್ತಿಗೆ ಹೋಗಿದ್ದ. ಎಂಬತ್ತರ ದಶಕದ ಶುರುವಿನಲ್ಲಿ ಮೊದಲ ಸಲ ರಜೆಗೆ ಬಂದಾಗ ಸೆಂಟು, ಟಾರ್ಚು, ನೈಲಾನ್ ಸೀರೆಗಳ ಜೊತೆ ಒಂದೇ ಥರದ ಎರಡು ವಿಡಿಯೋ ಗೇಮು ತಂದ. ಒಂದು ತುಮಕೂರಿನಲ್ಲಿ ಕ್ಯಾಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ ಅವನ ಸ್ನೇಹಿತನಿಗೆ. ಇನ್ನೊಂದು ನನಗೆ. ಕರೀ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಎರಡು ಉದ್ದನೆ ವೈರು, ಅವುಗಳ ತುದಿಗೆ ತಿರುಗಿಸುವುದಕ್ಕೆ ಒಂದೊಂದು ಹ್ಯಾಂಡಲ್ಲು. ಟೀವಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಚೆಂಡು ಓಡಾಡುತ್ತದೆ, ಹೊಡೆಯಬೇಕು, ಅಷ್ಟೇ ಆಟ.

ನಮ್ಮ ಮನೆಯಲ್ಲಿ ಟೀವಿಯೇ ಇರಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಅಪ್ಪ ನಕ್ಕರು. ಮಾವ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ಟೀವಿ ಬಂದ್ಮೇಲೆ ಆಡ್ಕೊ. ಅಲ್ಲೀಗಂಟ ಜೋಪಾನ ಕಣೇ" ಅಂದ. ಅವನು ಆಡಿದ್ದು ಇಷ್ಟೇ ಮಾತು. ಮಿಕ್ಕಿದ್ದನ್ನೆಲ್ಲ ಅವ್ವ ಸೇರಿಸಿಕೊಂಡಳು.

ನಮ್ಮ ಕಡೆ ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು. ಆದರೆ ಹೆಣ್ಣು ಹೆತ್ತವಳು ತಾನಾಗಿ ಬಾಯಿಬಿಟ್ಟು, ನನ್ನ ಮಗಳನ್ನು ಮಾಡಿಕೋ ಅನ್ನುವ ಹಾಗಿಲ್ಲ. ತಮ್ಮನೇ ಬಂದು ಕೇಳಬೇಕು. ಅವನು ಬೇಡ ಅನ್ನದಿದ್ದರೆ ಹೂಂ ಅಂತಲೇ ಲೆಕ್ಕ. ಹಾಗಾಗಿ ಅವ್ವ ಕೇಳಲಿಲ್ಲ, ಅವನು ಹೇಳಲಿಲ್ಲ. "ಊರ್ ತುಂಬ ನೆಂಟ್ರವ್ರೆ. ಎಲ್ರುನ್ನೂ ಬುಟ್ಟು ಇವ್ಳಿಗೇ ಯಾಕ್ ತಂದ? ಅರ್ಥ ಮಾಡ್ಕೊಬೇಕು" ಅಂತ ಅವ್ವ ಅಪ್ಪನಿಗೆ ಬಿಡಿಸಿ ಹೇಳಿದಳು. ಅಪ್ಪ ಅರ್ಥ ಮಾಡಿಕೊಂಡರು. ನಾನೂ ಮಾಡಿಕೊಂಡೆ. ನನಗೆ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಾವ ನಗುವಾಗ ಎದುರಿಗೆ ಕೂತವರಿಗೂ ನಗು ಬರುತ್ತಿತ್ತು, ಅಂಥವನ ಜೊತೆ ಬಾಳು ಹಗುರವಾಗಿರುತ್ತದೆ ಅಂದುಕೊಂಡಿದ್ದೆ.

ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಡಿಗ್ರಿ ಓದುತ್ತೇನೆ ಅಂದೆ. ಮಸ್ಕತ್ತಿನಲ್ಲಿ ಡಿಗ್ರಿ ಯಾರು ಕೇಳುತ್ತಾರೆ ಅಂದಳು ಅವ್ವ. ಕೋರದಿಂದ ಒಂದು ಸಂಬಂಧ ಬಂತು. ಹುಡುಗ ಸ್ಕೂಲು ಮೇಷ್ಟರು, ತೆಂಗಿನ ತೋಟವಿತ್ತು, ಓದು ಮುಂದುವರಿಸಲಿ ಅಂತ ಅವರೇ ಹೇಳಿ ಕಳಿಸಿದ್ದರು. ನಮ್ಮ ಹುಡುಗಿ ಅವಳ ಮಾವನಿಗೆ ಅಂತ ಆಗಿಹೋಗಿದೆ ಅಂತ ಅವ್ವ ಬಂದವರಿಗೆ ಕಾಫಿ ಕೊಟ್ಟು ಕಳಿಸಿದಳು.

ಪೆಟ್ಟಿಗೆ ಅವ್ವನ ರೇಷ್ಮೆ ಸೀರೆಯ ಟ್ರಂಕು ಸೇರಿತು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಅದು ಬಂದಿದ್ದ ರಟ್ಟಿನ ಡಬ್ಬದೊಳಗಿನ ಥರ್ಮಕೋಲನ್ನು ಗೌರಿ ಹಬ್ಬದ ಮಂಟಪಕ್ಕೆ ತೆಗೆದುಕೊಂಡು, ವೈರುಗಳನ್ನು ಆಟದ ಪೆಟ್ಟಿಗೆಗೇ ಬಿಗಿಯಾಗಿ ಸುತ್ತಿ, ಹುಳು ಹತ್ತಬಾರದು ಅಂತ ಸೀರೆಗೆ ಹಾಕುವ ನುಸಿಗುಳಿಗೆಯನ್ನು ಒಂದು ಹಿಡಿ ಅದರ ಮೇಲೆ ಸುರಿದು, ರಟ್ಟಿನ ಡಬ್ಬಕ್ಕೆ ದಾರ ಕಟ್ಟಿದಳು. ಪ್ಲಾಸ್ಟಿಕ್ಕಿಗೆ ಯಾವ ಹುಳು ಹತ್ತುತ್ತದೆ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸೀರೆಗೆ ಒಳ್ಳೆಯದಾದ್ದು ಎಲ್ಲಕ್ಕೂ ಒಳ್ಳೆಯದು ಅಂತಲೇ ನಾವೆಲ್ಲ ನಂಬಿದ್ದೆವು.

ಆಮೇಲೆ ನಮ್ಮ ಮನೆಗೂ ಟೀವಿ ಬಂತು. ಒಂದು ಸಲ ಹಚ್ಚಿ ನೋಡೋಣ ಅಂತ ಕೇಳಿದೆ. "ಅವ್ನು ಬಂದ್ಮೇಲೆ ಇಬ್ರೂ ಕೂತ್ಕೊಂಡು ಆಡ್ರಿ. ಈಗ್ಲೇ ಮುಟ್ಟಿ ಹಾಳ್ಮಾಡ್ಬೇಡ" ಅಂದಳು. ವರ್ಷವರ್ಷವೂ ಸೀರೆಗಳನ್ನು ಗಾಳಿಗೆ ಹಾಕುವಾಗ ಡಬ್ಬದ ಕಟ್ಟು ಬಿಚ್ಚದೆ, ಮುಚ್ಚಳದ ಸಂದಿಯಿಂದ ಹೊಸ ಗುಳಿಗೆ ತೂರಿಸುತ್ತಿದ್ದಳು. ಮಾವ ಬರುವುದು ಮುಂದೆ ಹೋಗುತ್ತಲೇ ಇತ್ತು. ನನ್ನ ಜೊತೆಯವರೆಲ್ಲ ಮದುವೆಯಾಗಿ, ಬಾಣಂತನಕ್ಕೆ ಬಂದು ಹೋದರು.

ಒಂದು ಸಲ ತುಮಕೂರಿಗೆ ಬಟ್ಟೆ ತರಲು ಹೋದಾಗ ಅವ್ವ ನನ್ನನ್ನು ಮಾವನ ಸ್ನೇಹಿತನ ಅಂಗಡಿಗೆ ಕರೆದುಕೊಂಡು ಹೋದಳು, ಮಾವನ ಸುದ್ದಿ ಏನಾದರೂ ಗೊತ್ತಾಗಲಿ ಅಂತ. ಅಲ್ಲಿ ನಮ್ಮದರ ಜೋಡಿ ಪೆಟ್ಟಿಗೆಯನ್ನು ನೋಡಿದೆ. ಮೈಮೇಲೆಲ್ಲ ಗೀರು, ಟೀ ಚೆಲ್ಲಿದ ಕಲೆ. ಒಂದು ಹ್ಯಾಂಡಲ್ಲಿಗೆ ಇನ್ಸುಲೇಷನ್ ಟೇಪು, ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ತುಂಡು. ಬೀದಿಯ ಮಕ್ಕಳೆಲ್ಲ ಬಡಿದು ಬಡಿದು ಅದರ ಮೇಲಿನ ಅಕ್ಷರವೇ ಅಳಿಸಿಹೋಗಿತ್ತು. ಆದರೂ ಓಡುತ್ತಿತ್ತು. ಅಂಗಡಿಯವನ ತಂಗಿ ಸ್ಟೂಲಿನ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಡುತ್ತಿದ್ದವಳು ನನ್ನನ್ನು ಕಂಡು, "ಬನ್ನಿ, ಒಂದ್ ಕೈ ನೋಡಿ" ಅಂತ ಹ್ಯಾಂಡಲ್ಲು ಚಾಚಿದಳು. ನಾನು ಕೈ ಮುಂದೆ ಮಾಡುವಷ್ಟರಲ್ಲಿ ಅವ್ವ ಹೇಳಿದಳು, "ನಮ್ಮನೇಲೂ ಐತೆ ಕಣಮ್ಮ. ನಾವು ಹಿಂಗೆಲ್ಲಾ ಹಾಳ್ಮಾಡಿಲ್ಲ." ಬಸ್ಸಿನಲ್ಲಿ ಊರಿಗೆ ಬರುವ ತನಕ ಆ ಹುಡುಗಿಯ ಹುಚ್ಚಾಟವನ್ನೇ ಆಡಿಕೊಂಡಳು. ನಾನೂ ಹೂಂಗುಟ್ಟಿದೆ.

ಕೊನೆಗೂ ಮಾವ ಬಂದ. ಗುಬ್ಬಿ ಮನೆಯ ನಡುಮನೆಯಲ್ಲಿ ಕೂತು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಕೇಳಿದ, "ಅಕ್ಕ, ಆ ವಿಡಿಯೋ ಗೇಮು ಐತೇನೆ? ತುಮಕೂರ್ ಅಂಗ್ಡೀದು ಅಡಾಪ್ಟರ್ ಸುಟ್ಟೋಗದೆ."

ಅವ್ವನಿಗೆ ಕೇಳಿಸಿದ್ದು ಮೊದಲಿನ ಅರ್ಧ ಮಾತ್ರ. ಮುಖ ಅರಳಿತು. ಐದು ನಿಮಿಷ ಇರು ಅಂತ ಅವನಿಗೆ ಹೇಳಿ, ನನಗೆ ತಲೆ ಬಾಚಿಕೊಂಡು ಬರಲು ಕಣ್ಸನ್ನೆ ಮಾಡಿ, ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವನ ಮುಂದಿಟ್ಟಳು. ದಾರ ಬಿಚ್ಚಿದವನು ಅವನೇ.

ಪ್ಲಾಸ್ಟಿಕ್ಕು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಅಂಟಂಟಾಗಿ ಕೂತಿತ್ತು. ಗುಳಿಗೆ ಇದ್ದ ಕಡೆಯೆಲ್ಲ ಗುಂಡಿ ಬಿದ್ದಿತ್ತು. ಸುತ್ತಿದ್ದ ವೈರುಗಳು ಪೆಟ್ಟಿಗೆಯ ಮೈಯನ್ನು ಕೊರೆದು ಒಳಗೆ ಇಳಿದುಬಿಟ್ಟಿದ್ದವು. ಎಳೆದರೆ ಕಪ್ಪಗೆ ನೂಲು ನೂಲಾಗಿ ಬರುತ್ತಿತ್ತು. ಹ್ಯಾಂಡಲ್ಲು ಎರಡೂ ಕಚ್ಚಿಕೊಂಡು ತಿರುಗಲಿಲ್ಲ. ಬೇರೆ ಕವರಿನಲ್ಲಿದ್ದ ಅಡಾಪ್ಟರೊಂದೇ ನೆಟ್ಟಗಿತ್ತು. ಮಾವ ಹಟ ಹಿಡಿದು ಟೀವಿಗೆ ಸಿಕ್ಕಿಸಿದ. ಚೆಂಡು ಬಂತು. ಅತ್ತಿಂದಿತ್ತ ತಾನೇ ಓಡಿತು, ಹೊಡೆಯುವುದಕ್ಕೆ ಆಗಲಿಲ್ಲ.

"ಏನಕ್ಕ ಇದು?"

"ನಿನ್ ಸಾಮಾನು ಅಂತ ಯಾರ್ಗೂ ಮುಟ್ಟಕ್ಕೆ ಬುಡ್ಲಿಲ್ಲ ಕಣೋ" ಅಂದಳು ಅವ್ವ.

"ಮುಟ್ಬೇಡಿ ಅಂತ ನಾನ್ಯಾವಾಗ ಅಂದೆ? ಆಡ್ಲಿ ಅಂತ ತಾನೆ ತಂದ್ಕೊಟ್ಟಿದ್ದು?"

ಅವ್ವ ಅಷ್ಟು ವರ್ಷ ಬಿಗಿಹಿಡಿದಿದ್ದನ್ನು ಆಗ ಬಿಟ್ಟಳು. "ನಿಂಗೇ ಅಂತ ಇಟ್ಟಿದ್ದೆ. ಇವ್ಳ್ನೂ ನಿಂಗೇ ಅಂತ ಇಟ್ಟಿದ್ದೀನಲ್ಲೋ. ಬಂದೋರ್ನೆಲ್ಲಾ ವಾಪಸ್ ಕಳ್ಸಿದ್ದೀನಿ."

ಮಾವ ನನ್ನ ಕಡೆ ತಿರುಗಿದ. ನಾನು ಬಾಗಿಲಲ್ಲಿ ಬಾಚಿದ ತಲೆಯೊಂದಿಗೆ ನಿಂತಿದ್ದೆ. ಅವನ ಮುಖದಲ್ಲಿ ಕಪಟ ಕಾಣಲಿಲ್ಲ, ಬೆಪ್ಪು ಹಿಡಿದಂತಿತ್ತು. "ಇವ್ಳ್ನಾ? ಅಕ್ಕಾ, ನಾನ್ ಎತ್ಕೊಂಡ್ ಆಡ್ಸಿದ್ ಮಗು ಕಣೇ ಇದು" ಅಂದ. ಆಮೇಲೆ ನೆಲ ನೋಡುತ್ತ ಅಂಗಡಿಯವನ ತಂಗಿಯ ವಿಷಯ ಹೇಳಿದ. ಮೊದಲು ಅಕ್ಕನನ್ನು ಒಂದು ಮಾತು ಕೇಳಬೇಕು ಅಂತಲೇ ಬಂದಿದ್ದನಂತೆ.

ಅವನು ಮೋಸ ಮಾಡಿದ್ದರೆ ಚೆನ್ನಾಗಿತ್ತು. ಶಾಪ ಹಾಕಿಕೊಂಡಾದರೂ ಬದುಕಬಹುದಿತ್ತು. ಅವ್ವನೂ ಕೆಟ್ಟದ್ದು ಬಯಸಿದವಳಲ್ಲ. ಯಾರನ್ನು ಬೈಯಬೇಕು ಅಂತ ಗೊತ್ತಾಗದ ಸಿಟ್ಟು ಇದೆಯಲ್ಲ, ಅದು ಒಳಗೇ ಇದ್ದು ಮನುಷ್ಯರನ್ನು ತಿನ್ನುತ್ತದೆ. ನನ್ನನ್ನೂ ತಿಂದಿದೆ.

ಅವ್ವ ಕಣ್ಣೊರೆಸಿಕೊಂಡು, ಒಳ್ಳೆಯದಾಗಲಿ ಅಂದಳು. ಬೇರೆ ಏನು ಅಂದಾಳು? ಅದನ್ನು ಕೇಳಿ ಮಾವನಿಗೆ ಹೋದ ಜೀವ ಬಂದ ಹಾಗಾಯಿತು. ನನ್ನನ್ನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡು ಹೇಳಿದ, "ಕಳಸ ಹಿಡಿಯೋಳು ನೀನೇ ಕಣೇ. ನಮ್ ಕಡೆ ಇನ್ಯಾರವ್ರೆ ಮದ್ವೆ ಆಗ್ದಿರೋರು?"

ನಿಜ, ಯಾರೂ ಇರಲಿಲ್ಲ. ನಮ್ಮಲ್ಲಿ ಗಂಡಿನ ಜೊತೆ ಕಳಸ ಹಿಡಿದು ಹೋಗುವುದು ಮದುವೆಯಾಗದ ಹುಡುಗಿ. ತುಮಕೂರಿನ ಛತ್ರದಲ್ಲಿ ಮಾವನ ಪಕ್ಕದಲ್ಲಿ ಕಳಸ ಹಿಡಿದು ನಡೆದೆ. ನೋಡಿದವರು ಏನಂದರೋ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳಸದವಳಿಗೆ ಅಂತ ಅವನು ಒಂದು ರೇಷ್ಮೆ ಸೀರೆ ಕೊಟ್ಟ. ಮನೆಗೆ ಬಂದ ಮೇಲೆ ಅವ್ವ ಅದನ್ನು ಮುಟ್ಟಿ ನೋಡಿ, "ಒಳ್ಳೇ ಸೀರೆ, ನಿನ್ ಮದ್ವೆಗಾಯ್ತದೆ. ಕೊಡು, ಎತ್ತಿಡ್ತೀನಿ" ಅಂತ ಕೈ ಚಾಚಿದಳು. ನಾನು ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಅದನ್ನೇ ಉಟ್ಟು ಬಚ್ಚಲು ಉಜ್ಜಿದೆ. ಅದರಲ್ಲೇ ನೀರು ಸೇದಿದೆ, ಪಾತ್ರೆ ಬೆಳಗಿದೆ, ಒಲೆ ಊದಿದೆ. ಅವ್ವ ಅತ್ತಳು, ಬೈದಳು. ಅದು ಹರಿಯುವ ತನಕ ಬೇರೆ ಸೀರೆ ಉಡಲಿಲ್ಲ.