ಉಡಿ ಒಲ್ಲೆನೆಂದ ಅಕ್ಕೋರು

ರಾಣೇಬೆನ್ನೂರಿನಿಂದ ಹೊರಟ ಮೊದಲ ಬಸ್ಸು ನಮ್ಮನ್ನು ಕುಪ್ಪೇಲೂರಿನಲ್ಲಿ ಇಳಿಸಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಅಕ್ಕೋರು ಸರಸ್ವತೀಬಾಯಿ ಹಿಂದೆ ಮುಂದೆ ನೋಡದೆ ಸರಸರ ನಡೆಯುತ್ತಾರೆ. ಎತ್ತರ ಐದಡಿಯೂ ಇಲ್ಲದ, ನಲವತ್ತು ದಾಟಿದ ಈ ಹೆಂಗಸಿನ ಬೆನ್ನು ಹಿಡಿಯಲು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಅರ್ಧ ಓಡಬೇಕಾಗಿದೆ. ಅವರ ಬಗಲಲ್ಲಿರುವುದು ಗೋವಾದ ಒಂದು ಪುಟ್ಟ ಕನ್ನಡ ಶಾಲೆಯ ಹಾಜರಿ ಪುಸ್ತಕ. ಶಾಲೆಯ ಹುಡುಗಿ ಮೈಲವ್ವನ ತಾಯಿ ಮಂಗಳವ್ವನ ಮನೆ ಬಂದದ್ದೇ ತಡ, ಕಟ್ಟೆಯ ಮೇಲೆ ಕುಳಿತುಬಿಡುತ್ತಾರೆ.

"ಮೈಲವ್ವನ್ನ ಕಳಸ್ತೀಯೊ ಇಲ್ಲೊ, ಅದೊಂದು ಹೇಳಿಬಿಡವಾ. ನಾಳೆ ಮುಂಜಾನೆ ಗಾಡಿ ಅದ."

ಮಂಗಳವ್ವ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಇಟ್ಟುಕೊಂಡು ಬರುತ್ತಾಳೆ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವಂತಿಲ್ಲ. ಸರಸ್ವತೀಬಾಯಿ ಮಾತ್ರ ಸೆರಗು ಒಡ್ಡುವುದಿಲ್ಲ.

"ಹುಡುಗಿ ಬರೂತನಕ ನಾ ಉಡಿ ಒಲ್ಲೆ."

ಪ್ರತಿ ಮೇ ತಿಂಗಳೂ ಹನ್ನೊಂದು ಹಳ್ಳಿಗಳಲ್ಲಿ ಇವರು ಹೂಡುವ ಹಟ ಇದೇ. ಮಕ್ಕಳನ್ನು ಗೋವಾದ ಶಾಲೆಗೆ ಕಳಿಸುತ್ತೇವೆಂದವರ ಮನೆಯಲ್ಲಷ್ಟೇ ಸೆರಗು ಒಡ್ಡುವುದು. ಇದು ದಬ್ಬಾಳಿಕೆಯಲ್ಲವೇ ಎಂದು ನಾನು ಬಸ್ಸಿನಲ್ಲೇ ಕೇಳಿದ್ದೆ. "ಹೌದ್ರಿ, ದಬ್ಬಾಳಿಕೀನೇ" ಎಂದು ನಕ್ಕಿದ್ದರು.

ಸರಸ್ವತೀಬಾಯಿ ರಾಣೇಬೆನ್ನೂರು ಪೇಟೆಯ ಮಗಳು. ಎಂಬತ್ತಮೂರರಲ್ಲಿ ಗೋವಾದ ಬಂದರಿನ ಬದಿಯಲ್ಲಿ ನಮ್ಮ ಕಡೆಯ ಕೂಲಿಕಾರರ ಮಕ್ಕಳಿಗೆ ಶಾಲೆ ತೆರೆದಿದ್ದಾರೆ, ಕಲಿಸುವವರು ಬೇಕು ಎಂಬ ಸುದ್ದಿ ಕೇಳಿ ಅರ್ಜಿ ಹಾಕಿದರು. ಮನೆಯವರೆಲ್ಲ ಬೇಡವೆಂದರು. ಗಡಿಯಾರ ರಿಪೇರಿ ಮಾಡುವ ಗಂಡ ಗುರುರಾಜ ಆರು ತಿಂಗಳು ಸುಮ್ಮನಿದ್ದು, ಆಮೇಲೆ ತಮ್ಮ ಸಾಮಾನಿನ ಪೆಟ್ಟಿಗೆ ಹಿಡಿದು ತಾವೂ ಹೊರಟರು. "ಹೆಂಡ್ತಿ ನೌಕರಿ ಮಾಡೂ ಊರಿಗೆ ಗಂಡ ಹೋಗೂದು ನಮ್ಮ ಮನಿತನದಾಗ ಇದೇ ಮೊದಲು" ಎನ್ನುವಾಗ ಸರಸ್ವತೀಬಾಯಿಯ ಮುಖದಲ್ಲಿ ಸಣ್ಣ ಜಂಬ ಕಾಣುತ್ತದೆ.

ಮೊದಲ ವರ್ಷವೇ ಎಡವಿದರು. ಜೂನ್‌ನಲ್ಲಿ ಶಾಲೆ ತೆರೆದಾಗ ಮೂವತ್ತರಲ್ಲಿ ಹದಿನೇಳು ಮಕ್ಕಳಿಲ್ಲ. ತಿಂಗಳು ಕಾದು, ನಿಯಮದಂತೆ ಹದಿನೇಳೂ ಹೆಸರಿಗೆ ಕೆಂಪು ಗೀಟು ಎಳೆದರು. ದಸರೆ ಮುಗಿದ ಮೇಲೆ ಮಕ್ಕಳು ಹಸಿ ಶೇಂಗಾದ ಗಂಟು ಹೊತ್ತು ನಗುತ್ತ ಬಂದರು.

"ಎಲ್ಲಿ ಹೋಗಿದ್ರಿ ಅಂತ ಬೈದೆ. ಮಳಿ ಬಂತಲ್ರಿ ಅಕ್ಕೋರ, ಬಿತ್ತಾಕ ಹೋಗಿದ್ವಿ ಅಂದ್ರು. ನಾ ಪೇಟ್ಯಾಗ ಬೆಳದಾಕಿ. ಗೋವಾದಾಗ ಮಳಿ ಹಿಡದ್ರ ಕಟ್ಟಡದ ಕೆಲಸ ನಿಲ್ತದ, ಇಲ್ಲಿ ಬಿತ್ತಿಗಿ ಚಾಲೂ ಆಗ್ತದ ಅನ್ನೂದು ನನ್ನ ತಲಿಗೆ ಹೊಳೀಲೇ ಇಲ್ಲ. ಗೀಟು ಎಳದವರೊಳಗ ನಾಲ್ಕು ಮಂದಿ ತಿರುಗಿ ಶಾಲಿಗೆ ಬರಲೇ ಇಲ್ರಿ. ಈಗ ಅಲ್ಲೇ ಉಸುಕಿನ ಬುಟ್ಟಿ ಹೊರ್ತಾರ. ಎದುರಿಗೆ ಸಿಕ್ರ ನಮಸ್ಕಾರ ಮಾಡ್ತಾರ. ನನಗ ಮಾರಿ ಎತ್ತಲಿಕ್ಕೆ ಆಗೂದಿಲ್ಲ."

ಅಂದಿನಿಂದ ಅವರಿಗೆ ಬೇಸಿಗೆ ರಜೆಯೇ ಇಲ್ಲ. ತಂದೆತಾಯಿ ಬಿತ್ತನೆಗೆ ಊರಲ್ಲಿ ಉಳಿದರೂ ಮಕ್ಕಳನ್ನು ಕರೆದೊಯ್ಯುತ್ತಾರೆ. ನಾಲ್ಕು ತಿಂಗಳು ಮಕ್ಕಳು ಮಲಗುವುದು ಶಾಲೆಯ ಕೋಣೆಯಲ್ಲಿ, ಅಕ್ಕೋರ ಮನೆ ಅದರ ಪಕ್ಕದಲ್ಲಿ. ಅಡುಗೆ ಮಂಗಳವ್ವನ ಅತ್ತೆ ದೇವವ್ವನದು. ಜೂನ್ ತಪಾಸಣೆಯ ದಿನ ಇಪ್ಪತ್ತು ಮಕ್ಕಳಿರಬೇಕು. ಒಬ್ಬರು ಕಡಿಮೆಯಾದರೂ ಈ ವರ್ಷ ಶಾಲೆಯ ಬಾಗಿಲು ಹಾಕುವುದೆಂದು ಇಲಾಖೆಯ ಕಾಗದ ಬಂದಿದೆ. ಮೈಲವ್ವನನ್ನು ಬಿಟ್ಟರೆ ಸಿಕ್ಕವರು ಹತ್ತೊಂಬತ್ತು.

ಮೈಲವ್ವ ನಾಲ್ಕನೆಯ ತರಗತಿಗೆ ಬಂದ ಹುಡುಗಿ. ಒಳಗೆ ಕುಳಿತು ಕಾಲಿನಿಂದ ತಮ್ಮನ ಜೋಲಿ ತೂಗುತ್ತ, ತೊಡೆಯ ಮೇಲಿನ ಪಾಟಿಯಲ್ಲಿ ಭಾಗಾಕಾರ ಮಾಡುತ್ತಿದ್ದಾಳೆ. ತೊಡಕು ಇರುವುದು ಆ ಮೂರು ತಿಂಗಳ ಕೂಸಿನಲ್ಲೇ.

"ನಮ್ಮತ್ತಿ ನಿಮ್ಮ ಕೂಡ ಬಂದ್ರ ಕೂಸಿನ್ನ ನೋಡಾಕ ಮೈಲವ್ವ ಇರಬೇಕ್ರಿ" ಎನ್ನುತ್ತಾಳೆ ಮಂಗಳವ್ವ. "ಮೈಲವ್ವ ಬಂದ್ರ ನಮ್ಮತ್ತಿ ಇರಬೇಕು. ನಾ ಹೊಲಕ್ಕ ಹೋಗ್ಬೇಕಲ್ರಿ. ನಿಮಗ ಅಡಗಿಯಾಕಿ ಬೇಕೊ, ಕಲಿಯಾಕಿ ಬೇಕೊ?"

"ಕಲಿಯಾಕಿ. ಅಡಗಿ ನಾ ಮಾಡ್ತೀನಿ."

ಬಾಗಿಲಲ್ಲಿ ನಿಂತ ದೇವವ್ವ ಬಾಯಿಗೆ ಸೆರಗು ಹಿಡಿಯುತ್ತಾಳೆ. "ಅಕ್ಕೋರ, ನೀವು ಬಡದ ರೊಟ್ಟಿ ನಾ ಕಂಡೇನಿ. ನಾಯಿ ಸೈತ ಮೂಸಿ ಬಿಟ್ಟು ಹೋಗಿತ್ತು."

ಎಲ್ಲರೂ ನಗುತ್ತಾರೆ, ಅಕ್ಕೋರೂ ನಗುತ್ತಾರೆ. ಆದರೆ ಮಂಗಳವ್ವ ನಗುವುದಿಲ್ಲ. "ನಾಕು ತಿಂಗಳು ಹುಡುಗಿ ಏನ ತಿನ್ನಬೇಕ್ರಿ?" ಎಂದು ಕೇಳುತ್ತಾಳೆ. ಅಕ್ಕೋರು ಉಡಿಯಿಲ್ಲದೆಯೇ ಎದ್ದು ಬರುತ್ತಾರೆ.

ಮರುದಿನ ಮುಂಜಾನೆ, ರಾಣೇಬೆನ್ನೂರು ರೈಲು ನಿಲ್ದಾಣ. ಹದಿನಾಲ್ಕು ಮಕ್ಕಳು ಗಂಟುಗಳ ಮೇಲೆ ಕುಳಿತಿದ್ದಾರೆ. ಐದು ಮಕ್ಕಳು ಬ್ಯಾಡಗಿಯಲ್ಲಿ ಹತ್ತುತ್ತಾರೆ. ಹಾವೇರಿ ದಾಟಿ ಹುಬ್ಬಳ್ಳಿಗೆ ಹೋಗಿ ಅಲ್ಲಿ ಗಾಡಿ ಬದಲಿಸಬೇಕು. ಗುರುರಾಜ ಎರಡೆರಡು ಸಲ ತಲೆ ಎಣಿಸುತ್ತಾರೆ. ಎಣಿಕೆ ಹೆಚ್ಚುವುದಿಲ್ಲ. ಸರಸ್ವತೀಬಾಯಿಯ ಕಣ್ಣು ನಿಲ್ದಾಣದ ಗೇಟಿನಿಂದ ಕದಲುವುದಿಲ್ಲ.

ಗಾಡಿಯ ಗಂಟೆ ಹೊಡೆದ ಮೇಲೆ ಅವರು ಬರುತ್ತಾರೆ. ಕೂಸನ್ನು ಎತ್ತಿಕೊಂಡ ದೇವವ್ವ ಮುಂದೆ, ಮೊರ ಹಿಡಿದ ಮಂಗಳವ್ವ ಹಿಂದೆ, ಎಲ್ಲರಿಗಿಂತ ಹಿಂದೆ ತಲೆಯ ಮೇಲೆ ದೊಡ್ಡ ಗಂಟು ಹೊತ್ತ ಮೈಲವ್ವ.

"ಬರಿ ಸೆರಗಿಲೆ ಎದ್ದು ಹೋದ್ರಲ್ಲ ಅಕ್ಕೋರ, ನನಗ ತುತ್ತು ಇಳೀಲಿಲ್ಲ" ಎಂದು ಮಂಗಳವ್ವ ಅಲ್ಲೇ ನಿಂತು ಉಡಿ ತುಂಬುತ್ತಾಳೆ. ಈ ಸಲ ಸೆರಗು ತಾನಾಗಿ ಮುಂದೆ ಬರುತ್ತದೆ. ಅಕ್ಕಿ, ಕಾಯಿ, ಖಣ ಹಾಕಿದ ಮೇಲೆ ಮಗಳ ಕೈ ಹಿಡಿದು ಅದರ ಮೇಲಿಡುತ್ತಾಳೆ. ಸರಸ್ವತೀಬಾಯಿ ಅಳುತ್ತಾರೆ, ಮುಚ್ಚಿಟ್ಟುಕೊಳ್ಳುವುದಿಲ್ಲ.

"ಗಂಟಿನ್ಯಾಗ ಕಟಕ ರೊಟ್ಟಿ ಅದಾವು, ತಿಂಗಳೊಪ್ಪತ್ತು ಕೆಡೂದಿಲ್ಲ" ಎನ್ನುತ್ತಾಳೆ ದೇವವ್ವ. "ಅಲ್ಲೀತನಕ ಒಲಿ ಮುಂದ ಹೋಗಬ್ಯಾಡ್ರಿ. ಆಮ್ಯಾಲೆ ಹೆಂಗ ಬಡೀಬೇಕು ಅನ್ನೂದು ಮೈಲವ್ವಗ ಹೇಳಿಕೊಟ್ಟೇನಿ. ಆಕಿ ಹೇಳ್ತಾಳ, ನೀವು ಮಾಡ್ರಿ."

ಮಕ್ಕಳು ಹತ್ತಿದ ಮೇಲೆ ಕಿಟಕಿಯ ಹೊರಗೆ ನಿಂತು ಕೊನೆಯ ಪ್ರಶ್ನೆ ಕೇಳುತ್ತೇನೆ: ಹತ್ತು ವರ್ಷವಾಯಿತು, ಇನ್ನು ನಿಮ್ಮ ಆಸೆ ಏನು? ಸ್ವಂತ ಊರಿಗೆ ಮರಳುವುದೇ, ಶಾಲೆಗೆ ಇನ್ನೊಂದು ಕೋಣೆಯೇ? ಸರಸ್ವತೀಬಾಯಿ ಹಾಜರಿ ಪುಸ್ತಕದಲ್ಲಿ ಇಪ್ಪತ್ತನೆಯ ಹೆಸರು ಬರೆದು ಪೆನ್ನು ಮುಚ್ಚುತ್ತಾರೆ.

"ದಸರಾಕ್ಕ ದೇವವ್ವ ಬರ್ತಾಳಲ್ರಿ, ಆಕಿ ನನ್ನ ರೊಟ್ಟಿ ಮುರದು ಬಾಯಾಗ ಇಟ್ಟು, ಹ್ಞೂಂ ಅನ್ನಬೇಕು. ಕಲಿಸೂ ಟೀಚರು ಇಲ್ಲೇ ಕುಂತಾಳ."

ಪಕ್ಕದಲ್ಲಿ ಮೈಲವ್ವ ನೆಟ್ಟಗಾಗಿ ಕೂರುತ್ತಾಳೆ.