ಪಕ್ಕದ ಕೋಣೆಯ ಪಥ್ಯ

ತನ್ನದನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡುವ ಚಾಳಿ ನಿರ್ಮಲಳಿಗೆ ಚಿಕ್ಕಂದಿನಿಂದಲೂ ಇತ್ತು. ಹಾಸನದ ತವರಿನಲ್ಲಿ ಅಕ್ಕನ ಜಡೆಯ ಪಕ್ಕ ತನ್ನ ಜಡೆ ಹಿಡಿದು ಅಳೆಯುತ್ತಿದ್ದಳು. ಗಂಡ ಗಣಪತಿಯವರಿಗೆ ಬ್ಯಾಂಕಿನಿಂದ ಕೊಚ್ಚಿಗೆ ವರ್ಗವಾಗಿ ಅಲ್ಲಿನ ವೈಟ್ಟಿಲ ಬಡಾವಣೆಯಲ್ಲಿ ಮನೆ ಮಾಡಿದ ಮೇಲೆ, ಎದುರುಮನೆಯ ಕರಿಬೇವಿನ ಗಿಡ ತನ್ನದಕ್ಕಿಂತ ಎತ್ತರವಾಯಿತೆಂದು ಆ ಮನೆಯವಳ ಜೊತೆ ಮಾತು ಕಡಿಮೆ ಮಾಡಿದ್ದಳು. ಕೆಟ್ಟವಳಲ್ಲ. ಆ ಮನೆಗೆ ಕಷ್ಟ ಬಂದರೆ ಮೊದಲು ಓಡುತ್ತಿದ್ದವಳೂ ಅವಳೇ. ಅವರಿಗೆ ಸುಖ ಬಂದರೆ ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಗಣಪತಿಯವರು ನಿವೃತ್ತರಾದ ವರ್ಷ ಅವರ ಎಡಮೂಗು ಕಟ್ಟಿತು. ಬಲಗಡೆ ಚೆನ್ನಾಗಿಯೇ ಇತ್ತು. ನೆಗಡಿ ಎಂದರು, ಸೈನಸ್ ಎಂದರು, ಮಾತ್ರೆ ನುಂಗಿದ್ದೇ ಬಂತು. ಆಮೇಲೆ ರಕ್ತ, ಕೆನ್ನೆಯ ಬಾವು, ಬಿಟ್ಟುಬಿಟ್ಟು ಬರುವ ಜ್ವರ, ಹತ್ತಿರ ಕೂತವರು ಮುಖ ತಿರುಗಿಸುವಂಥ ವಾಸನೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ, ಬರೀ ಸತ್ತ ಮಾಂಸ, ಏನೂ ತಿಳಿಯುವುದಿಲ್ಲ ಎಂದು ಬಂತು. ಇನ್ನೊಮ್ಮೆ ಆಳದಿಂದ ತೆಗೆದಾಗ ಗೊತ್ತಾಯಿತು: ಮೂಗಿನೊಳಗೇ ಹುಟ್ಟುವ ಲಿಂಫೋಮಾ, ಅಪರೂಪದ ಕ್ಯಾನ್ಸರ್. ಮೂಗು ದಾಟಿಲ್ಲ, ಈಗಲೇ ರೇಡಿಯೇಷನ್ ಕೊಟ್ಟು ಜೊತೆಗೆ ಇಂಜೆಕ್ಷನ್ ಹಾಕಿದರೆ ಉಳಿಯುವ ಭರವಸೆ ಇದೆ ಎಂದು ತಿರುವನಂತಪುರದ ವೈದ್ಯರು ಹೇಳಿದರು. ಶುರು ಮಾಡಿದ ಮೇಲೆ ನಡುವೆ ನಿಲ್ಲಬಾರದು ಎಂದೂ ಹೇಳಿದರು.

ಆಸ್ಪತ್ರೆಗೆ ಹತ್ತಿರದ ಶ್ರೀಕಾರ್ಯಂನ ಒಂದು ಮಹಡಿಮನೆಯಲ್ಲಿ ಕೋಣೆ ಹಿಡಿದರು. ಪಕ್ಕದ ಕೋಣೆಯಲ್ಲಿ ಕಾಸರಗೋಡಿನ ಶ್ಯಾಮ ಭಟ್ಟರು, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಮತ್ತು ಅವರ ಹೆಂಡತಿ ಶಾರದ. ಅಡುಗೆಮನೆ ಇಬ್ಬರಿಗೂ ಒಂದೇ. ಗಂಡಂದಿರ ಕಾಯಿಲೆಯೂ ಒಂದೇ ಎಂದು ತಿಳಿದಾಗ ನಿರ್ಮಲಳಿಗೆ ಒಂದು ಬಗೆಯ ಸಮಾಧಾನವಾಯಿತು. ಕನ್ನಡದಲ್ಲಿ ಮಾತಾಡಲು ಜನ ಸಿಕ್ಕಿದರು. ಅಳೆದು ನೋಡಲೂ ಸಿಕ್ಕಿದರು.

ರೇಡಿಯೇಷನ್ನಿಗೆ ಮಲಗಿಸುವಾಗ ಮುಖ ಅಲ್ಲಾಡಬಾರದೆಂದು ಪ್ರತಿ ರೋಗಿಗೂ ಅವನದೇ ಮುಖದ ಅಚ್ಚಿನ ಮಾಸ್ಕ್ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಬಲೆಯಂಥ ಹಾಳೆ. ಮುಖದ ಮೇಲೆ ಒತ್ತಿದರೆ ಹಾಗೇ ಗಟ್ಟಿಯಾಗುತ್ತದೆ. ಗಣಪತಿಯವರು ಹೊರಗೆ ಬಂದಾಗ ಕೆನ್ನೆ ಹಣೆಯ ತುಂಬ ಬಲೆಯ ಗುರುತು ಬಿದ್ದಿರುತ್ತಿತ್ತು.

ಒಂದು ದಿನ ಭಟ್ಟರಿಗೆ ಹೊಸ ಮಾಸ್ಕ್ ಮಾಡಿದರು. ಹಳೆಯದು ಸಡಿಲವಾಗಿತ್ತಂತೆ. ಯಾಕೆ ಎಂದು ನಿರ್ಮಲ ಕೇಳಿದಳು.

“ಬಾವು ಇಳಿದದ್ದು,” ಎಂದಳು ಶಾರದ, ಕೈಯಲ್ಲಿದ್ದ ಪಾತ್ರೆ ತೊಳೆಯುತ್ತಾ.

ಅಂದಿನಿಂದ ನಿರ್ಮಲಳಿಗೆ ಅನ್ನ ಸೇರಲಿಲ್ಲ. ಗಂಡನ ಮುಖದ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡುವಳು, ಮೊದಲಿನಷ್ಟೇ ಆಳ. ಶಾರದಳ ಗಂಡನಿಗೆ ಇಳಿದ ಬಾವು ತನ್ನ ಗಂಡನಿಗೇಕೆ ಇಳಿಯಲಿಲ್ಲ? ಯೋಚಿಸಿದಳು, ಒಲೆಯತ್ತ ನೋಡಿದಳು, ಉತ್ತರ ಅಲ್ಲೇ ಇದೆ ಅನ್ನಿಸಿತು. ಗಂಡನಿಗೆ ಪಥ್ಯದ ಊಟ ಎಂದು ಶಾರದ ಮೊದಲೇ ಹೇಳಿದ್ದಳು. ಊರಿನಲ್ಲಿ ಹಿರಿಯರು ಮಾಡಿದಂತೆ ತುಪ್ಪವಿಲ್ಲ, ಮೊಸರಿಲ್ಲ, ಬೇಳೆಯಿಲ್ಲ. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಅಷ್ಟೆ. ಆ ಗಂಜಿಯ ಪಾತ್ರೆ ಒಲೆಯ ಮೇಲೆ ದಿನವೂ ಇರುತ್ತಿತ್ತು. ನಿರ್ಮಲ ಮಾತ್ರ ತುಪ್ಪ ಹಾಕಿ ಕಿವುಚಿದ ಬೇಳೆ ಅನ್ನ, ರಾಗಿ ಗಂಜಿಗೆ ಗಟ್ಟಿಹಾಲು ಎಂದು ಬಡಿಸುತ್ತಿದ್ದಳು.

ಮರುದಿನದಿಂದ ಗಣಪತಿಯವರಿಗೂ ಪಥ್ಯ ಶುರುವಾಯಿತು.

“ನನಗೆ ಬಂದಿರೋದು ಮೂಗಿನ ಕಾಯಿಲೆ ಕಣೇ,” ಎಂದರು ಅವರು. “ಬಾಯಿಗೆ ಯಾಕೆ ಬೀಗ ಹಾಕ್ತೀಯ?”

ಅವಳು ಕೇಳಲಿಲ್ಲ. ರೇಡಿಯೇಷನ್ನಿನಿಂದ ಬಾಯಲ್ಲಿ ಎದ್ದ ಹುಣ್ಣಿಗೆ ಸುಟ್ಟ ಹಪ್ಪಳ ಚುಚ್ಚುತ್ತಿತ್ತು. ಅವರು ಗಂಜಿಯ ತಿಳಿ ಮಾತ್ರ ಕುಡಿದು ತಟ್ಟೆ ಸರಿಸುತ್ತಿದ್ದರು. ವಾರ ಕಳೆಯಿತು, ಇನ್ನಷ್ಟು ದಿನ ಕಳೆಯಿತು. ಒಂದು ಬೆಳಿಗ್ಗೆ ಅವರು ರೇಡಿಯೇಷನ್ ಮುಗಿಸಿ ಹೊರಬಂದಾಗ ಕೆನ್ನೆಯ ಮೇಲೆ ಗುರುತೇ ಇರಲಿಲ್ಲ. ನಿರ್ಮಲಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮೊದಲು ನೆನಪಾದದ್ದು ಶಾರದಳ ಮುಖ.

ಅಷ್ಟರಲ್ಲಿ ವೈದ್ಯರು ಒಳಗೆ ಕರೆದರು. ಸಿಟ್ಟಾಗಿದ್ದರು. ಇವರು ತುಂಬ ತೂಕ ಇಳಿದಿದ್ದಾರೆ, ಕೆನ್ನೆ ಒಳಗೆ ಹೋಗಿದೆ, ಮಾಸ್ಕಿನೊಳಗೆ ತಲೆ ಅಲ್ಲಾಡುತ್ತಿದೆ. ಹೊಸದು ಮಾಡಿ, ಮತ್ತೆ ಸ್ಕ್ಯಾನ್ ಮಾಡಿ, ಕಿರಣ ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕುವವರೆಗೆ ರೇಡಿಯೇಷನ್ ಕೊಡಲಾಗುವುದಿಲ್ಲ ಎಂದರು. ಈ ಕಾಯಿಲೆಗೆ ಇಂಥ ಬಿಡುವು ಸಿಗಬಾರದಿತ್ತು ಅಮ್ಮಾ, ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರು.

ಕೋಣೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅವಳು ಶಾರದಳ ಬಾಗಿಲು ತಟ್ಟಿದಳು. ಬಾಗಿಲು ತೆಗೆದಾಗ ಶಾರದಳ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪುಡಿ ಕಲಸಿದ ಹಾಲಿನ ಲೋಟವಿತ್ತು. ಹೊರಗೆ ಹೋಗುವಾಗ ಟವೆಲು ಸುತ್ತಿಕೊಳ್ಳುತ್ತಿದ್ದ ಭಟ್ಟರ ಮುಖ ಈಗ ತೆರೆದಿತ್ತು, ಬಲಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿದಿತ್ತು.

“ಪಥ್ಯ ಅಂದ್ರಲ್ಲ ಶಾರದಮ್ಮ?”

“ಅದು ಮಾಸ್ಕ್ ಬದಲಿಸಿದ ದಿನವೇ ನಿಲ್ಲಿಸಿದ್ದು. ಡಾಕ್ಟರು ಬೈದರು.”

“ಮತ್ತೆ ಆ ಗಂಜಿ?”

“ಅದು ನಾನು ಉಣ್ಣುವುದು.” ಶಾರದ ಲೋಟ ಕೆಳಗಿಟ್ಟಳು. “ನಿಮ್ಮವರು ಎರಡನೇ ಸಲ ಬಡಿಸು ಅಂತ ಹೇಳುವುದು ನಮ್ಮ ಕೋಣೆಗೆ ಕೇಳ್ತಿತ್ತು ಮಾರಾಯ್ರೇ. ಇವರಿಗೆ ಒಂದು ತುತ್ತು ಇಳೀತಿರಲಿಲ್ಲ. ಸೊರಗಿ ಹೋಗಿದ್ದಾರೆ ಅಂತ ನಿಮ್ಮೆದುರು ಹೇಗೆ ಹೇಳಲಿ? ಅದಕ್ಕೇ ಬಾವು ಇಳಿದದ್ದು ಅಂದೆ.”

ಬೈಯಬೇಕೆಂದು ಬಂದಿದ್ದ ನಿರ್ಮಲ ಅಡುಗೆಮನೆಯತ್ತ ತಿರುಗಿದಳು. ಹೋಗಿ ಬೇಳೆ ಬೇಯಿಸಲು ಇಟ್ಟಳು. ಹೊಸ ಮಾಸ್ಕ್ ಬರುವವರೆಗೆ ಗಂಡನ ಮೂಗು ನೋಡುವುದು, ಹೊಟ್ಟೆ ತುಂಬಿಸುವುದು, ಇಷ್ಟೇ ಅವಳ ಕೆಲಸ. ರಕ್ತ ಮತ್ತೆ ಬಂದರೆ ಯಾರನ್ನು ದೂರುವುದು ಎಂದು ಯೋಚಿಸಿದಾಗ ತನ್ನ ಹೆಸರೊಂದೇ ಉಳಿಯುತ್ತಿತ್ತು.

ಚಿಕಿತ್ಸೆ ಮುಂದುವರಿದು ಮುಗಿಯಿತು. ಮುಂದಿನ ವರ್ಷ ತಪಾಸಣೆಗೆ ಕೊಚ್ಚಿಯಿಂದ ಬಂದಾಗ, ಗಣಪತಿಯವರ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು ವೈದ್ಯರು. ಬಿಡುವು ಬಿದ್ದಿದ್ದರಿಂದ ಹೆದರಿದ್ದೆ, ಸದ್ಯಕ್ಕೆ ಪಾರಾಗಿದ್ದೀರಿ ಎಂದೂ ಸೇರಿಸಿದರು.

ಹೊರಗಿನ ಬೆಂಚಿನಲ್ಲಿ ಶಾರದ ಇದ್ದಳು, ಪಕ್ಕದಲ್ಲಿ ಭಟ್ಟರು ಕಣ್ಣು ಮುಚ್ಚಿ ಗೋಡೆಗೊರಗಿದ್ದರು. ಅವರ ಮೀನಖಂಡದಲ್ಲಿ ಕೆಂಪು ಗಂಟುಗಳೆದ್ದಿದ್ದವು. ಮೂಗಿನಿಂದ ಹೋದ ಕಾಯಿಲೆ ಚರ್ಮದಲ್ಲಿ ಮತ್ತೆ ಬಂದಿದೆಯಂತೆ.

“ನಿಮ್ಮವರದ್ದು ಎಂತ ಹೇಳಿದ್ರು?” ಎಂದು ಶಾರದ ಕೇಳಿದಳು.

ರಿಪೋರ್ಟ್ ಇನ್ನೂ ಬಂದಿಲ್ಲ ಎನ್ನುವ ಮಾತು ನಿರ್ಮಲಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ಏನೂ ಇಲ್ಲವಂತೆ.”

ಶಾರದ ಗಣಪತಿಯವರ ತುಂಬಿದ ಕೆನ್ನೆಯನ್ನು ನೋಡಿದಳು. ಆಮೇಲೆ ನೆಲ ನೋಡುತ್ತಾ, “ನನಗೆ ಹೊಟ್ಟೆ ಉರೀತದೆ ನಿರ್ಮಲಕ್ಕ,” ಎಂದಳು.

“ಉರೀಲಿ,” ಎಂದಳು ನಿರ್ಮಲ. “ನನಗೂ ಉರೀತಿತ್ತು.”

ಬಸ್ಸಿಗೆ ಹೊತ್ತಾಯಿತೆಂದು ಗಣಪತಿಯವರು ಕರೆದರು. ನಿರ್ಮಲ ಅವರಿಗೆ ಕೂರಲು ಕೈಸನ್ನೆ ಮಾಡಿ, ತಾನೂ ಶಾರದಳ ಪಕ್ಕದಲ್ಲೇ ಕೂತಳು, ಭಟ್ಟರನ್ನು ಒಳಗೆ ಕರೆಯುವವರೆಗೆ.